ಫೋನಿನಲ್ಲಿ 36 ಡಿಗ್ರಿ, ಮಡಿಯಲ್ಲಿ ಹಿಮ: ಏರುಮಡಿಯ ಎಳೆಯ ಸಸಿಗಳನ್ನು ಕಾಪಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಾವು ಷಿಕಾಗೋ ನಗರದ ಪಶ್ಚಿಮಕ್ಕಿರುವ ಉಪನಗರವೊಂದರಲ್ಲಿದ್ದೇವೆ. ಹಿತ್ತಿಲಿನಲ್ಲಿ ನಾಲ್ಕಡಿ ಅಗಲ, ಎಂಟಡಿ ಉದ್ದ, ಹತ್ತು ಇಂಚು ಎತ್ತರದ ಎರಡು ಮರದ ಏರುಮಡಿಗಳಿವೆ. ಮನೆಯೊಳಗೆ ದೀಪದ ಕೆಳಗೆ ಬೆಳೆಸಿದ ಟೊಮೆಟೊ, ಬದನೆ, ಮೆಣಸಿನಕಾಯಿ ಮತ್ತು ಅವರೆ ಸಸಿಗಳನ್ನು, ಒಂದು ವಾರ ಬಿಸಿಲು ಚೆನ್ನಾಗಿ ಬಂದದ್ದರಿಂದ, ಏಪ್ರಿಲ್ 20ರ ಸುಮಾರಿಗೆ ನೆಟ್ಟೆವು. ಐದಾರು ದಿನಗಳ ನಂತರದ ಒಂದು ರಾತ್ರಿಗೆ ಫೋನಿನಲ್ಲಿ 36 ಡಿಗ್ರಿ ಫ್ಯಾರನ್‌ಹೀಟ್ ಎಂದಿತ್ತು. ನೀರು ಹೆಪ್ಪುಗಟ್ಟುವುದು 32ಕ್ಕೆ ತಾನೆ ಎಂದು ಧೈರ್ಯದಿಂದಿದ್ದೆವು. ಆದರೂ ಇರಲಿ ಎಂದು ಸಸಿಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದೆವು. ಬೆಳಿಗ್ಗೆ ನೋಡಿದರೆ ಹಾಳೆಗೆ ತಾಗಿದ್ದ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿದ್ದವು. ಅವರೆ ಪೂರ್ತಿ ಹೋಯಿತು. ಮನೆಯ ಇಟ್ಟಿಗೆ ಗೋಡೆಯ ಪಕ್ಕದ ಮಡಿಯಲ್ಲಿದ್ದ ಕೆಲವು ಟೊಮೆಟೊ ಮಾತ್ರ ಉಳಿದಿವೆ. ಅದೇ ಮಡಿಯ ಪಾಲಕ್, ಮೆಂತ್ಯ, ಕೊತ್ತಂಬರಿಗೆ ಏನೂ ಆಗಿಲ್ಲ. ಹಾಸನದಿಂದ ಬಂದಿರುವ ನಮ್ಮ ಮಾವನವರು, ಸೂರ್ಯ ಹುಟ್ಟುವ ಮೊದಲೇ ನೀರು ಚಿಮುಕಿಸಿ ಮಂಜನ್ನು ತೊಳೆದುಬಿಡಬೇಕಿತ್ತು ಎನ್ನುತ್ತಾರೆ. ಏರುಮಡಿ ಬೆಚ್ಚಗಿರುತ್ತದೆ ಎಂದು ಕೇಳಿಯೇ ನಾವು ಅದನ್ನು ಮಾಡಿಸಿದ್ದು. ಎಲ್ಲಿ ತಪ್ಪಿದೆವು? ಈಗ ಉಳಿದ ಗಿಡಗಳನ್ನು ಕಿತ್ತುಹಾಕಬೇಕೆ?

ಉತ್ತರ: ಎರಡು ತಿಂಗಳು ಮನೆಯೊಳಗೆ ಕೂಸಿನಂತೆ ನೋಡಿಕೊಂಡ ಸಸಿಗಳು ಒಂದೇ ರಾತ್ರಿಯಲ್ಲಿ ಹೋದಾಗ ಆಗುವ ಸಂಕಟ ನನಗೆ ಗೊತ್ತು. ನಿಮ್ಮ ಪತ್ರದಲ್ಲಿ ಮೂರು ಅನುಮಾನಗಳು ಹೆಣೆದುಕೊಂಡಿವೆ: 36 ಡಿಗ್ರಿಯಲ್ಲಿ ಹಿಮ ಕಟ್ಟಿದ್ದು ಹೇಗೆ, ಏರುಮಡಿ ಏಕೆ ಕಾಪಾಡಲಿಲ್ಲ, ಹೊದಿಸಿದ ಪ್ಲಾಸ್ಟಿಕ್ಕೇ ಏಕೆ ಸುಟ್ಟಿತು. ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ಇಂಥ ರಾತ್ರಿಗಳಲ್ಲಿ ಚಳಿ ಹೊರಗಿನಿಂದ ಬಂದು ಗಿಡದ ಮೇಲೆ ಬೀಳುವುದಿಲ್ಲ. ಗಿಡ ಮತ್ತು ಮಣ್ಣು ತಮ್ಮಲ್ಲಿರುವ ಶಾಖವನ್ನು ಆಕಾಶಕ್ಕೆ ಕಳೆದುಕೊಳ್ಳುತ್ತವೆ. ಆದ್ದರಿಂದ ನಾವು ಹೊದಿಸುವ ಹೊದಿಕೆಯ ಕೆಲಸ ಚಳಿಯನ್ನು ತಡೆಯುವುದಕ್ಕಿಂತ ಹೆಚ್ಚಾಗಿ ನೆಲದ ಶಾಖವನ್ನು ಹಿಡಿದಿಟ್ಟುಕೊಳ್ಳುವುದು. ಇದೊಂದು ಮನಸ್ಸಿಗೆ ಬಂದರೆ ಯಾವ ಉಪಾಯ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂಬುದನ್ನು ನೀವೇ ಲೆಕ್ಕ ಹಾಕಬಲ್ಲಿರಿ.

ಮೊದಲು ಆ 36 ಡಿಗ್ರಿಯ ವಿಷಯ. ಹವಾಮಾನ ಕೇಂದ್ರಗಳು ತಾಪಮಾನವನ್ನು ಅಳೆಯುವುದು ನೆಲದಿಂದ ಸುಮಾರು ಐದಾರು ಅಡಿ ಎತ್ತರದಲ್ಲಿ, ಗಾಳಿಯಾಡುವ ನೆರಳಿನ ಗೂಡಿನೊಳಗೆ. ಮೋಡವಿಲ್ಲದ, ಗಾಳಿ ಅಲುಗಾಡದ ರಾತ್ರಿಯಲ್ಲಿ ನೆಲ, ಹುಲ್ಲು, ಎಲೆ ಎಲ್ಲವೂ ತಮ್ಮ ಶಾಖವನ್ನು ನೇರವಾಗಿ ಆಕಾಶಕ್ಕೆ ಹೊರಸೂಸುತ್ತವೆ. ಹೀಗೆ ತಣ್ಣಗಾದ ನೆಲಕ್ಕೆ ತಾಗಿದ ಗಾಳಿಯೂ ತಣಿದು, ಭಾರವಾಗಿ, ಕೆಳಗೇ ಮಡುಗಟ್ಟುತ್ತದೆ. ಬೆಚ್ಚಗಿನ ಗಾಳಿ ಮೇಲೆ ಉಳಿಯುತ್ತದೆ. ಹೀಗಾಗಿ ನಿಮ್ಮ ತಲೆಯ ಮಟ್ಟದಲ್ಲಿ 36 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಇರುವಾಗ ಎಲೆಯ ಮೇಲ್ಮೈ ಸೊನ್ನೆಗಿಂತ ಕೆಳಗೆ ಇಳಿದಿರಬಹುದು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಸಸ್ಯಗಳು ಬೆಳೆಯುವ ಕಾಲದಲ್ಲಿ ಕನಿಷ್ಠ ತಾಪಮಾನ 33ರಿಂದ 36 ಡಿಗ್ರಿಯ ನಡುವೆ ಇದ್ದಾಗಲೇ ‘ಫ್ರಾಸ್ಟ್ ಅಡ್ವೈಸರಿ’ ಹೊರಡಿಸುವುದು ಇದೇ ಕಾರಣಕ್ಕೆ. 32ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯುವ ರಾತ್ರಿಗೆ ಅವರು ಕೊಡುವುದು ‘ಫ್ರೀಝ್ ವಾರ್ನಿಂಗ್’.

ನಾನು ಎರಡು ಸಾಧಾರಣ ಥರ್ಮಾಮೀಟರುಗಳನ್ನು ಇಟ್ಟುಕೊಂಡಿದ್ದೇನೆ: ಒಂದು ಹಿಂಬಾಗಿಲ ಕಂಬಕ್ಕೆ ಎದೆಮಟ್ಟದಲ್ಲಿ ಕಟ್ಟಿದ್ದು, ಇನ್ನೊಂದು ಮಡಿಯಲ್ಲಿ ಸಸಿಯಷ್ಟೇ ಎತ್ತರದ ಕಡ್ಡಿಗೆ ಸಿಕ್ಕಿಸಿದ್ದು. ಇಂಥದೇ ಒಂದು ಏಪ್ರಿಲ್ ಬೆಳಗ್ಗೆ, ಐದೂವರೆಗೆ, ಟಾರ್ಚ್ ಹಿಡಿದು ಹೋದಾಗ ಕಂಬದ್ದು 37 ತೋರಿಸುತ್ತಿತ್ತು, ಮಡಿಯದ್ದು 31. ಮಡಿಯ ಮರದ ಅಂಚಿನುದ್ದಕ್ಕೂ ಪುಡಿ ಉಪ್ಪು ಚೆಲ್ಲಿದ ಹಾಗೆ ಬಿಳಿ ಗೆರೆ ಇತ್ತು. ಪಾಲಕ್ ಎಲೆಗಳ ಅಂಚಿಗೆ ಮುಳ್ಳುಮುಳ್ಳಾದ ಹಿಮದ ಹರಳುಗಳು ಕೂತಿದ್ದವು. ಎಲೆಗಳು ಗಾಜಿನಂತೆ ಕಡುಹಸಿರಾಗಿ ಮಣ್ಣಿಗೆ ಜೋತುಬಿದ್ದಿದ್ದವು. ಮುಟ್ಟಬಾರದು ಎಂದು ಗೊತ್ತಿದ್ದರಿಂದ ಮುಟ್ಟಲಿಲ್ಲ. ಒಂಬತ್ತು ಗಂಟೆಗೆ ಅದೇ ಎಲೆಗಳು ಏನೂ ಆಗಿಲ್ಲವೆಂಬಂತೆ ಎದ್ದು ನಿಂತಿದ್ದವು. ನಿಮ್ಮ ಹಿತ್ತಿಲಿಗೂ ಮಡಿಯ ಮಟ್ಟದ ಥರ್ಮಾಮೀಟರ್ ಒಂದನ್ನು ದಯವಿಟ್ಟು ತಂದುಕೊಳ್ಳಿ. ಫೋನು ಹೇಳುವುದಕ್ಕೂ ನಿಮ್ಮ ಮಡಿ ಹೇಳುವುದಕ್ಕೂ ಎಷ್ಟು ಅಂತರವಿದೆ ಎಂಬುದು ನಾಲ್ಕೈದು ತಿಳಿಯಾದ ರಾತ್ರಿಗಳಲ್ಲಿ ತಿಳಿದುಹೋಗುತ್ತದೆ, ಮತ್ತು ಆ ಅಂತರ ಪ್ರತಿ ಹಿತ್ತಿಲಿಗೂ ಬೇರೆ.

ನಿಮ್ಮ ಮಾವನವರ ಮಾತನ್ನು ನಾನು ಗೌರವದಿಂದಲೇ ಪರಿಶೀಲಿಸುತ್ತೇನೆ, ಏಕೆಂದರೆ ಅದು ಅನುಭವದಿಂದ ಬಂದದ್ದು. ಆದರೆ ಆ ಅನುಭವ ಬೇರೊಂದು ಮಂಜಿನದು. ಹಾಸನದ ಕಡೆ ಆಲೂಗೆಡ್ಡೆಯನ್ನು ಕೆಡಿಸುವ ಮಂಜು ಎಲೆಯನ್ನು ಬಹಳ ಹೊತ್ತು ಒದ್ದೆಯಾಗಿ ಇಡುತ್ತದೆ. ಆ ತೇವದಲ್ಲಿ ಅಂಗಮಾರಿ ರೋಗ ಹಬ್ಬುತ್ತದೆ. ಅವರೆಗೆ ಇಬ್ಬನಿ ಬಿದ್ದಷ್ಟೂ ಸೊಗಡು ಎಂಬ ಮಾತನ್ನೂ ಅವರು ಹೇಳಿರಬಹುದು. ಅಲ್ಲಿ ಎಲೆಯ ಮೇಲಿರುವುದು ನೀರು. ಇಲ್ಲಿ ಎಲೆಯ ಮೇಲೂ ಒಳಗೂ ಇರುವುದು ಮಂಜುಗಡ್ಡೆ, ಮತ್ತು ಕೊಲ್ಲುವುದು ಮೇಲೆ ಕಾಣುವ ಬಿಳುಪಲ್ಲ, ಒಳಗೆ ಕಾಣದೆ ಕಟ್ಟಿದ ಗಡ್ಡೆ. ಮೊದಲು ಜೀವಕೋಶಗಳ ನಡುವಿನ ಜಾಗದಲ್ಲಿ ಮಂಜುಗಡ್ಡೆ ಹುಟ್ಟುತ್ತದೆ. ಅದು ಕೋಶದೊಳಗಿನ ನೀರನ್ನು ಹೊರಕ್ಕೆ ಎಳೆದುಕೊಳ್ಳುತ್ತ ಬೆಳೆಯುತ್ತದೆ. ನೀರು ಕಳೆದುಕೊಂಡ ಕೋಶ ಕುಗ್ಗಿ, ಅದರ ಪೊರೆ ಹರಿಯುತ್ತದೆ. ಬಿಸಿಲು ಬಂದು ಗಡ್ಡೆ ಕರಗಿದಾಗ ಕೋಶದ ರಸವೆಲ್ಲ ಹೊರಗೆ ಸೋರಿ, ನೀವು ಕಂಡ ಹಾಗೆ ಎಲೆ ಬೇಯಿಸಿದ ಸೊಪ್ಪಾಗುತ್ತದೆ. ಇಷ್ಟೆಲ್ಲ ಆದ ಮೇಲೆ ತೊಳೆದರೆ ಹೋದದ್ದು ಬರುವುದಿಲ್ಲ.

ಹಾಗಾದರೆ ದೊಡ್ಡ ತೋಟಗಳಲ್ಲಿ ರಾತ್ರಿಯೆಲ್ಲ ತುಂತುರು ನೀರು ಹಾಯಿಸಿ ಬೆಳೆ ಉಳಿಸಿಕೊಳ್ಳುವುದಿಲ್ಲವೆ ಎಂದು ನೀವು ಕೇಳಬಹುದು. ಉಳಿಸಿಕೊಳ್ಳುತ್ತಾರೆ. ಒಂದು ಗ್ರಾಂ ನೀರು ಗಡ್ಡೆಯಾಗುವಾಗ ಸುಮಾರು 80 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ, ಆ ಶಾಖವೇ ಎಲೆಯನ್ನು ಸೊನ್ನೆಯ ಆಸುಪಾಸಿನಲ್ಲಿ ಹಿಡಿದು ನಿಲ್ಲಿಸುತ್ತದೆ. ಆದರೆ ಅದೇ ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 600 ಕ್ಯಾಲೊರಿಯನ್ನು ಎಲೆಯಿಂದ ಕಿತ್ತುಕೊಳ್ಳುತ್ತದೆ. ಆದ್ದರಿಂದ ನೀರು ನಿರಂತರವಾಗಿ, ಸಂಜೆಯಿಂದ ಗಡ್ಡೆಯೆಲ್ಲ ಕರಗುವವರೆಗೂ ಬೀಳುತ್ತಿರಬೇಕು; ನಡುವೆ ನಿಂತರೆ ನೀರು ಹಾಕದೆ ಇದ್ದುದಕ್ಕಿಂತ ಹೆಚ್ಚು ಹಾನಿ. ಮನೆಯ ಏರುಮಡಿಗೆ ಇದು ತಕ್ಕ ಉಪಾಯವಲ್ಲ: ಗಡ್ಡೆಯ ಭಾರಕ್ಕೆ ಎಳೆಯ ಸಸಿ ಮುರಿಯುತ್ತದೆ, ಮಡಿ ಕೆಸರಾಗುತ್ತದೆ. ಬೆಳಗಿನ ಜಾವ ಎರಡು ತಂಬಿಗೆ ನೀರು ಚಿಮುಕಿಸುವುದಂತೂ ಗಿಡಕ್ಕೆ ಚಳಿಯನ್ನು ಕೊಟ್ಟಂತೆಯೇ.

ಪಾಲಕ್, ಮೆಂತ್ಯ, ಕೊತ್ತಂಬರಿ ಹೇಗೆ ಉಳಿದವು ಎಂಬುದು ಅದೃಷ್ಟದ ಮಾತಲ್ಲ. ಪಾಲಕ್, ಬಟಾಣಿ, ಎಲೆಕೋಸು, ನವಿಲುಕೋಸು, ಮೂಲಂಗಿ, ಈರುಳ್ಳಿ ಇವೆಲ್ಲ ಚಳಿ ಬರುತ್ತಿದ್ದಂತೆ ಕೋಶಗಳಲ್ಲಿ ಸಕ್ಕರೆಯಂಥ ಪದಾರ್ಥಗಳನ್ನು ಕೂಡಿಟ್ಟುಕೊಂಡು ಹಗುರವಾದ ಹಿಮವನ್ನು ಸಹಿಸುವ ಜಾತಿಯವು. ಕೊತ್ತಂಬರಿ, ಮೆಂತ್ಯಗಳೂ ಸಣ್ಣ ಹಿಮವನ್ನು ತಾಳಿಕೊಳ್ಳುತ್ತವೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆ, ಸೌತೆ, ಹೀರೆ, ಅವರೆ, ಹುರುಳಿಕಾಯಿ ಇವು ಬಿಸಿ ನೆಲದ ಗಿಡಗಳು. ಮಂಜುಗಡ್ಡೆ ಕಟ್ಟಿದರೆ ಇವಕ್ಕೆ ಉಳಿಗಾಲವಿಲ್ಲ. ಅಷ್ಟೇ ಅಲ್ಲ, ಗಡ್ಡೆ ಕಟ್ಟದಿದ್ದರೂ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿನ ರಾತ್ರಿಗಳು ಮತ್ತೆ ಮತ್ತೆ ಬಂದರೆ ಇವು ಸೊರಗುತ್ತವೆ. ಟೊಮೆಟೊ ಎಲೆಯ ತಳಭಾಗ ನೇರಳೆ ಬಣ್ಣಕ್ಕೆ ತಿರುಗಿದ್ದನ್ನು ನೀವು ನೋಡಿರಬಹುದು. ತಣ್ಣನೆಯ ಮಣ್ಣಿನಲ್ಲಿ ಬೇರು ರಂಜಕವನ್ನು ಹೀರಿಕೊಳ್ಳಲಾರದೆ ಹೋದದ್ದರ ಗುರುತು ಅದು. ಮಣ್ಣಿನಲ್ಲಿ ರಂಜಕ ಇಲ್ಲವೆಂದಲ್ಲ. ಗೊಬ್ಬರ ಸುರಿಯಬೇಡಿ, ಮಣ್ಣು ಬೆಚ್ಚಗಾದರೆ ಬಣ್ಣ ತಾನೇ ಸರಿಹೋಗುತ್ತದೆ.

ಈಗ ಏರುಮಡಿಗೆ ಬರೋಣ. ಏರುಮಡಿ ಬೆಚ್ಚಗಿರುತ್ತದೆ ಎಂಬುದು ಅರ್ಧ ನಿಜ. ನೀರು ಬೇಗ ಬಸಿದುಹೋಗುವುದರಿಂದ ಮತ್ತು ಬದಿಗಳಿಗೂ ಬಿಸಿಲು ತಾಗುವುದರಿಂದ ವಸಂತದ ಹಗಲಿನಲ್ಲಿ ಅದರ ಮಣ್ಣು ಸುತ್ತಲಿನ ನೆಲಕ್ಕಿಂತ ಬೇಗ ಕಾಯುತ್ತದೆ. ಅದಕ್ಕೇ ಅದರಲ್ಲಿ ಪಾಲಕ್, ಬಟಾಣಿಗಳನ್ನು ಬೇಗ ಬಿತ್ತಬಹುದು. ಬೇಗ ಕಾಯುವುದು ಬೇಗ ಆರುತ್ತದೆ ಎಂಬುದು ಉಳಿದ ಅರ್ಧ. ನೆಲದ ಮಣ್ಣಿಗೆ ಸುತ್ತಲೂ ಮಣ್ಣೇ ಕಾವಲು. ಏರುಮಡಿಗೆ ನಾಲ್ಕೂ ಕಡೆ ಗಾಳಿ. ಹೊರ ಅಂಚಿನ ಮೂರು ನಾಲ್ಕು ಇಂಚು ಮತ್ತು ನಾಲ್ಕು ಮೂಲೆಗಳು ರಾತ್ರಿ ಎಲ್ಲಕ್ಕಿಂತ ಮೊದಲು ತಣಿಯುತ್ತವೆ. ಇನ್ನು ಹತ್ತು ಇಂಚು ಎತ್ತರದಲ್ಲಿದೆ, ತಣ್ಣನೆಯ ಗಾಳಿ ಕೆಳಗೆ ಹರಿದುಹೋಗುತ್ತದೆ ಎನ್ನುವ ನಂಬಿಕೆಗೆ ಆಧಾರವಿಲ್ಲ. ಆ ಗಾಳಿಯ ಮಡು ಹಲವು ಅಡಿ ಆಳದ್ದು.

ಮಡುವಿನ ಮಾತನ್ನು ನಾನು ಮೊದಲು ಕಣ್ಣಾರೆ ಕಂಡದ್ದು ನೀಲಗಿರಿಯಲ್ಲಿ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಉದಕಮಂಡಲದ ಸುತ್ತಮುತ್ತ, ತಲೈಕುಂದದಂಥ ತಗ್ಗುಗಳಲ್ಲಿ, ಬೆಳಗ್ಗೆ ಹುಲ್ಲುಗಾವಲೆಲ್ಲ ಬೆಳ್ಳಗಾಗಿರುತ್ತದೆ. ಅದೇ ಹೊತ್ತಿನಲ್ಲಿ ಸ್ವಲ್ಪ ಮೇಲಿನ ಇಳಿಜಾರು ಹಸಿರಾಗಿಯೇ ಇರುತ್ತದೆ. ತಣ್ಣನೆಯ ಗಾಳಿ ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅಲ್ಲಿನ ಬೆಳೆಗಾರರು ಎಳೆಯ ಚಹಾ ಗಿಡಗಳ ಮೇಲೆ ಜರೀಗಿಡದ ಸೊಪ್ಪನ್ನು ಹೊದಿಸಿ ಸಂಜೆಯ ಹೊತ್ತಿಗೆ ಕೆಲಸ ಮುಗಿಸುತ್ತಾರೆ. ಸೊಪ್ಪು ಗಿಡಕ್ಕೂ ಆಕಾಶಕ್ಕೂ ನಡುವೆ ಮರೆಯಾಗುತ್ತದೆ, ಅಷ್ಟೆ. ಆದರೆ ಆ ಮರೆಯೇ ಸಾಕಾಗುತ್ತದೆ. ನಿಮ್ಮ ಹಿತ್ತಿಲಿನಲ್ಲೂ ಮರದ ಬೇಲಿ ಇಳಿಜಾರಿನ ಕೆಳತುದಿಯಲ್ಲಿದ್ದರೆ ಅದು ತಣ್ಣನೆಯ ಗಾಳಿಗೆ ಕಟ್ಟೆಯಾಗುತ್ತದೆ, ಅದರ ಹಿಂದಿನ ಮಡಿ ಮೊದಲು ಬಲಿಯಾಗುತ್ತದೆ. ಗೋಡೆಯ ಪಕ್ಕದ ಟೊಮೆಟೊ ಉಳಿದದ್ದು ಏಕೆಂಬುದೂ ಈಗ ನಿಮಗೆ ಹೊಳೆದಿರಬೇಕು: ಇಟ್ಟಿಗೆ ಹಗಲಿನ ಬಿಸಿಲನ್ನು ಕುಡಿದು ರಾತ್ರಿಯಿಡೀ ಕಾವು ಬಿಟ್ಟಿದೆ, ಜೊತೆಗೆ ಆಕಾಶದ ಅರ್ಧ ಭಾಗವನ್ನು ಗಿಡಗಳಿಗೆ ಮರೆ ಮಾಡಿದೆ.

ಪ್ಲಾಸ್ಟಿಕ್ ಹಾಳೆಯ ತೊಡಕು ಎರಡು. ತೆಳುವಾದ ಪಾಲಿಥೀನ್ ಗಾಳಿಯನ್ನು ತಡೆಯುತ್ತದೆ, ಆದರೆ ನೆಲವೂ ಎಲೆಯೂ ಹೊರಸೂಸುವ ಶಾಖದ ಕಿರಣಗಳನ್ನು ಬಹುಮಟ್ಟಿಗೆ ಹಾದುಹೋಗಲು ಬಿಡುತ್ತದೆ. ಎರಡನೆಯದಾಗಿ, ಹಾಳೆ ಸ್ವತಃ ಬೇಗ ತಣಿದು ಒಳಮೈಯಲ್ಲಿ ನೀರಿನ ಹನಿ ಕಟ್ಟುತ್ತದೆ. ಅದಕ್ಕೆ ಅಂಟಿಕೊಂಡ ಎಲೆ, ಹನಿಯ ಜೊತೆಗೇ ಹೆಪ್ಪುಗಟ್ಟುತ್ತದೆ. ನಿಮ್ಮ ಸಸಿಗಳಲ್ಲಿ ಹಾಳೆ ತಾಗಿದ ಎಲೆಗಳೇ ಹೋದದ್ದಕ್ಕೆ ಕಾರಣ ಇದು. ಪ್ಲಾಸ್ಟಿಕ್ಕನ್ನು ಕಮಾನಿನ ಮೇಲೆ, ಎಲೆಗೆ ತಾಗದಂತೆ, ಒಳಗೆ ಇನ್ನೊಂದು ಬಟ್ಟೆಯ ಹೊದಿಕೆಯ ಮೇಲೆ ಹಾಕಿದರೆ ಉಪಯೋಗವಿದೆ. ಬರಿಯ ಪ್ಲಾಸ್ಟಿಕ್ಕನ್ನೇ ಗಿಡದ ಮೇಲೆ ಹಾಸುವುದು ಬೇಡವೇ ಬೇಡ.

ನಾನು ಮನೆಯ ಕೈತೋಟದವರಿಗೆ ಮೊದಲು ಹೇಳುವುದು ‘ರೋ ಕವರ್’ ಎಂದು ಮಾರುವ, ನೇಯದೆ ಒತ್ತಿ ಮಾಡಿದ ಬಿಳಿ ಬಟ್ಟೆಯನ್ನು. ಚದರ ಮೀಟರಿಗೆ 17ರಿಂದ 20 ಗ್ರಾಂ ತೂಗುವ ತೆಳು ಬಟ್ಟೆ ಎರಡು ಮೂರು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಕಾಪು ಕೊಡುತ್ತದೆ. 30 ಗ್ರಾಂ ಆಸುಪಾಸಿನದು ನಾಲ್ಕು ಡಿಗ್ರಿಯಷ್ಟು. 50 ಗ್ರಾಂ ಆಸುಪಾಸಿನ ದಪ್ಪ ಬಟ್ಟೆ ಆರರಿಂದ ಎಂಟು ಡಿಗ್ರಿಯವರೆಗೆ. ದಪ್ಪ ಹೆಚ್ಚಿದಷ್ಟೂ ಬೆಳಕು ಕಡಿಮೆ. ದಪ್ಪದ್ದು ಅರ್ಧದಷ್ಟು ಬೆಳಕನ್ನು ತಡೆಯುವುದರಿಂದ ಅದನ್ನು ಹಗಲೆಲ್ಲ ಬಿಡಬಾರದು. ಇದು ಸಿಗದಿದ್ದರೆ ಮನೆಯಲ್ಲಿರುವ ಹಳೆಯ ಬೆಡ್‌ಶೀಟ್, ತೆಳು ಕಂಬಳಿ ನಡೆಯುತ್ತದೆ, ಆದರೆ ಒಣಗಿರಬೇಕು. ಮಳೆಗೆ ನೆನೆದ ಹತ್ತಿಯ ಬಟ್ಟೆ ಭಾರವಾಗಿ ಸಸಿಗಳನ್ನು ಮಲಗಿಸುತ್ತದೆ, ತಾನೂ ಹೆಪ್ಪುಗಟ್ಟುತ್ತದೆ.

ಹೊದಿಸುವ ರೀತಿಯಲ್ಲೇ ಅರ್ಧ ಯಶಸ್ಸಿದೆ. ನಿಮ್ಮ ನಾಲ್ಕಡಿ ಅಗಲದ ಮಡಿಗೆ ಅರ್ಧ ಇಂಚಿನ ಪಿವಿಸಿ ಕೊಳವೆಯನ್ನು ಬಾಗಿಸಿ, ಎರಡು ಅಡಿಗೊಂದು ಕಮಾನು ನಿಲ್ಲಿಸಿ. ಬಟ್ಟೆ ಕಮಾನಿನ ಮೇಲಿಂದ ಮಡಿಯ ಹೊರಬದಿಯನ್ನೂ ಮುಚ್ಚುತ್ತ ನೆಲದವರೆಗೆ ಇಳಿಯಬೇಕು, ತುದಿಗಳ ಮೇಲೆ ಇಟ್ಟಿಗೆ ಅಥವಾ ಮಣ್ಣು ಇರಬೇಕು. ಗಿಡದ ಕಾಂಡಕ್ಕೆ ಸುತ್ತಿ ಕೆಳಗೆ ಗಂಟು ಹಾಕುವವರನ್ನು ನಾನು ಬಹಳ ಸಲ ನೋಡಿದ್ದೇನೆ. ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಶಾಖ ಬರುವುದು ಗಿಡದಿಂದಲ್ಲ, ಮಣ್ಣಿನಿಂದ. ಹೊದಿಸುವ ಹೊತ್ತು ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲು, ಮಣ್ಣಿನ ಕಾವು ಇನ್ನೂ ಉಳಿದಿರುವಾಗ. ರಾತ್ರಿ ಊಟ ಮುಗಿಸಿ, ಹತ್ತು ಗಂಟೆಗೆ ಹೊದಿಸಿದರೆ ಹಿಡಿದಿಡಲು ಅಲ್ಲಿ ಹೆಚ್ಚೇನೂ ಇರುವುದಿಲ್ಲ. ಬೆಳಗ್ಗೆ ಹೊರಗಿನ ತಾಪಮಾನ 40 ದಾಟಿದ ಮೇಲೆ ಹೊದಿಕೆಯನ್ನು ತೆಗೆಯಿರಿ. ತೆಗೆಯಲು ಮರೆಯುವುದೇ ಈ ಉಪಾಯದ ದೊಡ್ಡ ಅಪಾಯ: ಹೊರಗೆ 60 ಡಿಗ್ರಿ ಇರುವ ಬಿಸಿಲು ದಿನದಲ್ಲಿ ಮುಚ್ಚಿದ ಪ್ಲಾಸ್ಟಿಕ್ ಗೂಡಿನೊಳಗೆ ತಾಪ 100 ಡಿಗ್ರಿ ದಾಟಬಹುದು, ಹಿಮದಿಂದ ಉಳಿದ ಸಸಿ ಮಧ್ಯಾಹ್ನ ಬೆಂದುಹೋಗುತ್ತದೆ. ಬಟ್ಟೆ ಉಸಿರಾಡುವುದರಿಂದ ಅಷ್ಟು ಕ್ರೂರವಲ್ಲ; ಇಬ್ಬರೂ ಕೆಲಸಕ್ಕೆ ಹೋಗುವ ಮನೆಯವರು ಪ್ಲಾಸ್ಟಿಕ್ಕಿಗಿಂತ ಬಟ್ಟೆಯನ್ನೇ ಆರಿಸಿಕೊಳ್ಳುವುದು ಲೇಸು ಎಂದು ನಾನು ಹೇಳುವುದು ಇದಕ್ಕಾಗಿ.

ಮಣ್ಣೇ ಒಲೆ ಎಂದ ಮೇಲೆ ಒಲೆಯನ್ನು ಸಿದ್ಧ ಮಾಡಿಟ್ಟುಕೊಳ್ಳಬೇಕಲ್ಲ. ಒಣ ಮಣ್ಣಿನ ಕಣಗಳ ನಡುವೆ ಗಾಳಿ ತುಂಬಿರುತ್ತದೆ. ಅದು ಶಾಖವನ್ನು ಕೂಡಿಡುವುದೂ ಇಲ್ಲ, ಕೆಳಗಿನಿಂದ ಮೇಲಕ್ಕೆ ಸಾಗಿಸುವುದೂ ಇಲ್ಲ. ಹಿಮದ ಸೂಚನೆ ಇರುವ ದಿನ ಬೆಳಗ್ಗೆಯೇ ಮಡಿಗೆ ಹದವಾಗಿ ನೀರು ಕೊಡಿ, ಎಲೆಗೆ ಬೇಡ, ಮಣ್ಣಿಗೆ. ಹಗಲಿನ ಬಿಸಿಲಿಗೆ ಆ ತೇವದ ಮಣ್ಣು ಕಾದು ರಾತ್ರಿಗೆ ಕೆಲಸಕ್ಕೆ ಬರುತ್ತದೆ. ಅನೇಕರು ತಿರುಗಾಮುರುಗಾ ಮಾಡುವ ಇನ್ನೊಂದು ಕೆಲಸ ಒಣಹುಲ್ಲಿನ ಮುಚ್ಚಿಗೆ. ಸಸಿಗೆ ಬೆಚ್ಚಗಾಗಲಿ ಎಂದು ಬುಡದ ಸುತ್ತ ಹುಲ್ಲು ಹರಡುತ್ತಾರೆ. ಆ ಹುಲ್ಲು ಮಣ್ಣನ್ನು ಬೆಚ್ಚಗೆ ಇಡುವುದು ನಿಜ, ಆದರೆ ಮಣ್ಣಿನ ಕಾವು ಎಲೆಯವರೆಗೆ ಬರದಂತೆ ತಡೆಯುವುದೂ ಅದೇ. ಹುಲ್ಲಿನ ಮೇಲಿನ ಗಾಳಿ ಬರಿಯ ಮಣ್ಣಿನ ಮೇಲಿನ ಗಾಳಿಗಿಂತ ತಣ್ಣಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಎಳೆಯ ಟೊಮೆಟೊ, ಮೆಣಸಿನ ಮಡಿಯಲ್ಲಿ ಹುಲ್ಲನ್ನು ಬದಿಗೆ ಸರಿಸಿ, ಮಣ್ಣನ್ನು ಬಯಲಾಗಿ ಬಿಡಿ. ಮುಚ್ಚಿಗೆಯ ಕಾಲ ಜೂನ್.

ನೀರು ತುಂಬಿದ ಡಬ್ಬಿಗಳು ನನಗೆ ಬಹಳ ಇಷ್ಟವಾದ ಉಪಾಯ, ಏಕೆಂದರೆ ಅದಕ್ಕೆ ಖರ್ಚಿಲ್ಲ. ಹಾಲಿನ ಒಂದು ಗ್ಯಾಲನ್ ಕ್ಯಾನುಗಳಿಗೆ ಕಪ್ಪು ಬಣ್ಣ ಬಳಿದು, ನೀರು ತುಂಬಿ, ಹೊದಿಕೆಯ ಒಳಗೆ ಸಸಿಗಳ ನಡುವೆ ಇಡಿ. 16 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಒಂದು ಲೀಟರ್ ನೀರು ಸೊನ್ನೆಗೆ ಇಳಿಯುವಾಗ 16 ಕಿಲೊಕ್ಯಾಲೊರಿ ಬಿಟ್ಟುಕೊಟ್ಟರೆ, ಸೊನ್ನೆಯಲ್ಲಿ ಗಡ್ಡೆಯಾಗುವಾಗ ಅದರ ಐದು ಪಟ್ಟು, 80 ಕಿಲೊಕ್ಯಾಲೊರಿ ಬಿಡುತ್ತದೆ. ಸಸಿಯ ಸುತ್ತ ನೀರಿನ ಕೊಳವೆಗಳ ಗೋಡೆಯಂತೆ ನಿಲ್ಲುವ ಸಾಧನಗಳು ಅಂಗಡಿಗಳಲ್ಲಿ ಸಿಗುತ್ತವೆ, ಅವೂ ಇದೇ ತತ್ವದ ಮೇಲೆ ನಡೆಯುತ್ತವೆ. ಅವುಗಳಲ್ಲಿ ನೀರು ಸೋರಿ ಒಂದು ಬದಿ ಕುಸಿದರೆ ಸಸಿಯ ಮೇಲೇ ಬೀಳುತ್ತವೆ ಎಂಬುದಷ್ಟೇ ಎಚ್ಚರ. ಒಂದೊಂದೇ ಸಸಿಗಾದರೆ ತಳ ಕತ್ತರಿಸಿದ ಕ್ಯಾನನ್ನು ಮಣ್ಣಿಗೆ ಒತ್ತಿ ಕವುಚಬಹುದು. ಬೆಳಗಾದ ಮೇಲೆ ಮುಚ್ಚಳ ತೆಗೆಯಬೇಕು.

ದೀಪದ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಈ ಪ್ರಶ್ನೆ ಪ್ರತಿ ವಸಂತದಲ್ಲೂ ಬರುತ್ತದೆ. ಹಳೆಯ ಕಾಲದ, ಮುಟ್ಟಿದರೆ ಬಿಸಿಯಾಗುವ ಕ್ರಿಸ್‌ಮಸ್ ಬಲ್ಬುಗಳ ಸರ ಹೊದಿಕೆಯೊಳಗೆ ಒಂದಿಷ್ಟು ಕಾವು ಕೊಡುತ್ತದೆ. ಎಲ್‌ಇಡಿ ಸರದಿಂದ ಏನೂ ಆಗದು. ಸರ ಹೊರಾಂಗಣದಲ್ಲಿ ಬಳಸಲು ಯೋಗ್ಯವಾದದ್ದಾಗಿ, ಸೋರಿಕೆ ವಿದ್ಯುತ್ತನ್ನು ತಡೆಯುವ ಪ್ಲಗ್‌ಗೆ ಜೋಡಿಸಿದ್ದಾಗಿ, ಬಲ್ಬು ಬಟ್ಟೆಗೂ ಪ್ಲಾಸ್ಟಿಕ್ಕಿಗೂ ತಾಗದಂತಿದ್ದರೆ ಮಾತ್ರ ಇದಕ್ಕೆ ನನ್ನ ಒಪ್ಪಿಗೆ. ಬಟ್ಟೆಯ ಗೂಡಿನೊಳಗೆ ಮೇಣದಬತ್ತಿ, ಸೀಮೆಎಣ್ಣೆ ದೀಪ, ಇದ್ದಿಲ ಅಗ್ಗಿಷ್ಟಿಕೆ ಇಡುವುದು ಯಾವ ಕಾರಣಕ್ಕೂ ಬೇಡ. ಮರದ ಮಡಿ, ಮರದ ಬೇಲಿ, ಮರದ ಮನೆ ಇರುವ ಊರಿನಲ್ಲಿ ನಾಲ್ಕು ಬದನೆ ಸಸಿಗಾಗಿ ಅಷ್ಟು ದೊಡ್ಡ ಅಪಾಯಕ್ಕೆ ಕೈಹಾಕಬಾರದು.

ಇದುವರೆಗೆ ಹೇಳಿದ್ದೆಲ್ಲ ತಿಳಿಯಾದ, ನಿಶ್ಚಲ ರಾತ್ರಿಗೆ. ಉತ್ತರದಿಂದ ಬೀಸುವ ಗಾಳಿಯೊಂದಿಗೆ ತಾಪಮಾನ 25ಕ್ಕೆ ಇಳಿಯುವ ರಾತ್ರಿ ಬೇರೆಯೇ ಜಾತಿಯದು. ಅಂಥ ಗಾಳಿ ಹೊದಿಕೆಯ ಸಂದುಗಳಿಂದ ನುಗ್ಗಿ ಮಣ್ಣಿನ ಕಾವನ್ನು ಗುಡಿಸಿಕೊಂಡು ಹೋಗುತ್ತದೆ. ಬಟ್ಟೆಯ ಮೇಲೆ ಪ್ಲಾಸ್ಟಿಕ್ಕನ್ನೂ ಹಾಕಿ, ತುದಿಗಳನ್ನು ಭದ್ರ ಮಾಡಿ, ಒಳಗೆ ನೀರಿನ ಕ್ಯಾನುಗಳನ್ನು ಇಟ್ಟರೆ ಎಲೆಕೋಸು, ಪಾಲಕ್ ಉಳಿದಾವು. ಟೊಮೆಟೊ ಉಳಿಯುವ ಭರವಸೆಯನ್ನು ನಾನು ಕೊಡಲಾರೆ.

ಇಷ್ಟು ಉಪಾಯ ಹೇಳಿದ ಮೇಲೂ ನನ್ನ ಮನಸ್ಸಿನ ಮಾತೆಂದರೆ, ಷಿಕಾಗೋ ಪಶ್ಚಿಮದ ಉಪನಗರಗಳಲ್ಲಿ ಏಪ್ರಿಲ್ 20 ಟೊಮೆಟೊ ನೆಡುವ ದಿನವಲ್ಲ. ಮಿಷಿಗನ್ ಸರೋವರದ ದಂಡೆಯಲ್ಲೂ ನಗರದ ಕಟ್ಟಡಗಳ ನಡುವೆಯೂ ರಾತ್ರಿಗಳು ಅಷ್ಟು ತಣಿಯುವುದಿಲ್ಲ. ಒಳನಾಡಿನ ಉಪನಗರಗಳಲ್ಲಿ ಕೊನೆಯ ಹಿಮ ಸರಾಸರಿಯಾಗಿ ಏಪ್ರಿಲ್ ಕೊನೆಯಿಂದ ಮೇ ಎರಡನೆಯ ವಾರದ ನಡುವೆ ಬೀಳುತ್ತದೆ. ಸರಾಸರಿ ಎಂಬ ಮಾತನ್ನು ಗಮನಿಸಿ: ಆ ದಿನಾಂಕದ ನಂತರವೂ ಹೆಚ್ಚುಕಡಿಮೆ ಎರಡು ವರ್ಷಕ್ಕೊಂದು ಸಲ ಹಿಮ ಬರುತ್ತದೆ ಎಂದು ಅದರ ಅರ್ಥ, ಅಲ್ಲಿಗೆ ಮುಗಿಯಿತು ಎಂದಲ್ಲ. ಅದಕ್ಕಿಂತಲೂ ನಂಬಬೇಕಾದದ್ದು ಮಣ್ಣು. ಅಡುಗೆಮನೆಯ ಥರ್ಮಾಮೀಟರನ್ನು ಬೆಳಗ್ಗೆ ನಾಲ್ಕು ಇಂಚು ಆಳಕ್ಕೆ ಚುಚ್ಚಿ ನೋಡಿ: ಟೊಮೆಟೊಗೆ 60, ಬದನೆ, ಮೆಣಸಿನಕಾಯಿ, ಬೆಂಡೆಗೆ 65 ಡಿಗ್ರಿ ಸತತವಾಗಿ ಬರಬೇಕು. 50 ಡಿಗ್ರಿಯ ಮಣ್ಣಿನಲ್ಲಿ ನೆಟ್ಟ ಸಸಿ ಬದುಕಿದರೂ ಮೂರು ವಾರ ಮುದುಡಿಕೊಂಡು ಕೂರುತ್ತದೆ. ಮೇ 20ಕ್ಕೆ ನೆಟ್ಟದ್ದು ಅದನ್ನು ಜೂನ್ ಮಧ್ಯದ ಹೊತ್ತಿಗೆ ಹಿಂದೆ ಹಾಕುವುದನ್ನು ನಾನು ವರ್ಷ ವರ್ಷವೂ ಕಂಡಿದ್ದೇನೆ. ಹೂಮೊಗ್ಗು ಮೂಡುವ ಕಾಲದಲ್ಲಿ ಚಳಿ ತಿಂದ ಗಿಡದ ಮೊದಲ ಹಣ್ಣುಗಳು ಸೊಟ್ಟಗೆ, ತಳದಲ್ಲಿ ಮಚ್ಚೆ ಸೀಳುಗಳಾಗಿ ಬರುವುದೂ ಇದೆ.

ಇನ್ನೊಂದು ಲೋಪ ನಿಮ್ಮ ಪತ್ರದಲ್ಲಿ ನೇರವಾಗಿ ಇಲ್ಲ, ಆದರೆ ಆಗಿರಬೇಕು ಎಂದು ನನ್ನ ಊಹೆ. ದೀಪದ ಕೆಳಗೆ, 70 ಡಿಗ್ರಿಯ ಕೋಣೆಯಲ್ಲಿ, ಗಾಳಿಯನ್ನೇ ಕಾಣದೆ ಬೆಳೆದ ಸಸಿಯ ಎಲೆ ಬಹಳ ಮೃದು. ನೆಡುವ ಮುಂಚೆ ಏಳರಿಂದ ಹತ್ತು ದಿನ, ಮೊದಲು ಒಂದು ಗಂಟೆ ನೆರಳಿನಲ್ಲಿ, ಆಮೇಲೆ ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ಬಿಸಿಲು ಗಾಳಿಗಳಲ್ಲಿ ಇಟ್ಟು, ನೀರನ್ನು ಸ್ವಲ್ಪ ಕಡಿಮೆ ಮಾಡಿ ಸಸಿಯನ್ನು ಗಡುಸುಗೊಳಿಸಬೇಕು. ಎಲೆಕೋಸು, ನವಿಲುಕೋಸಿನ ಸಸಿಗೆ ಇದರಿಂದ ಹಿಮವನ್ನೇ ತಾಳುವ ಶಕ್ತಿ ಬರುತ್ತದೆ. ಟೊಮೆಟೊಗೆ ಅಷ್ಟು ಬರುವುದಿಲ್ಲ. ತಣ್ಣನೆಯ ಗಾಳಿಗೆ ಸೊರಗುವುದು ಮಾತ್ರ ಕಡಿಮೆಯಾಗುತ್ತದೆ.

ಈಗ ಉಳಿದಿರುವ ಗಿಡಗಳು. ಏನನ್ನೂ ಇವತ್ತೇ ಕೀಳಬೇಡಿ, ಕತ್ತರಿಸಲೂ ಬೇಡಿ. ಸತ್ತದ್ದು ಎಲ್ಲಿಯವರೆಗೆ ಎಂಬುದು ಸ್ಪಷ್ಟವಾಗಲು ನಾಲ್ಕೈದು ದಿನ ಬೇಕು. ಆಮೇಲೆ ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಾಗಿ ಗಟ್ಟಿಯಾಗಿದ್ದರೆ ಟೊಮೆಟೊ ಎಲೆಯ ಕಂಕುಳಿನಿಂದ, ಕೆಲವೊಮ್ಮೆ ಬೀಜದೆಲೆಗಳ ಬುಡದಿಂದಲೂ ಚಿಗುರುತ್ತದೆ. ಚಿಗುರಿದ ಮೇಲೆ ಅದರ ಮೇಲಿನ ಒಣಭಾಗವನ್ನು ಕತ್ತರಿಸಿ. ಕಾಂಡ ನೀರುನೀರಾಗಿ, ಒತ್ತಿದರೆ ಚಪ್ಪಟೆಯಾಗುವಂತಿದ್ದರೆ ಅದು ಮುಗಿದಂತೆ. ಬದನೆ, ಮೆಣಸಿನಕಾಯಿಗಳ ಬಗ್ಗೆ ಕಟುವಾದ ಮಾತನ್ನೇ ಹೇಳಬೇಕಾಗಿದೆ: ಅವು ಚಿಗುರಿದರೂ ನಿಧಾನ, ಈ ಊರಿನ ಬೇಸಿಗೆ ಚಿಕ್ಕದು, ಮೇ ಮೂರನೆಯ ವಾರದಲ್ಲಿ ಹೊಸ ಸಸಿ ಕೊಂಡು ನೆಟ್ಟರೆ ಹೆಚ್ಚು ಕಾಯಿ ಕಾಣುತ್ತೀರಿ. ಪೆಟ್ಟು ತಿಂದ ಗಿಡಕ್ಕೆ ಸಾರಜನಕದ ಗೊಬ್ಬರ ಕೊಡಬೇಡಿ. ಅದು ಎಬ್ಬಿಸುವ ಮೆತ್ತನೆಯ ಚಿಗುರು ಮುಂದಿನ ಹಿಮಕ್ಕೆ ಮೊದಲ ತುತ್ತು. ಬರಿದಾದ ಜಾಗದಲ್ಲಿ ಅಲ್ಲಿಯವರೆಗೆ ಮೆಂತ್ಯ ಚೆಲ್ಲಿಬಿಡಿ, ಮೂರು ನಾಲ್ಕು ವಾರದಲ್ಲಿ ಸೊಪ್ಪಾಗುತ್ತದೆ.

ಅವರೆಯನ್ನು ಕಳೆದುಕೊಂಡದ್ದಕ್ಕೆ ನೀವು ಹೆಚ್ಚು ಮರುಗುವ ಅಗತ್ಯವಿಲ್ಲ. ನಮ್ಮ ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಗಿಡ. ಏಪ್ರಿಲ್‌ನಲ್ಲಿ ನೆಟ್ಟರೂ ಜೂನ್‌ನಲ್ಲಿ ನೆಟ್ಟರೂ ಷಿಕಾಗೋದ ಉದ್ದನೆಯ ಬೇಸಿಗೆಯ ಹಗಲುಗಳಲ್ಲಿ ಬಳ್ಳಿ ಹಬ್ಬುತ್ತದೆಯೇ ಹೊರತು ಹೂವಾಗುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವಂಥವು. ಅಂಥ ತಳಿ ಸಿಕ್ಕಿದರೆ ಮೇ ಕೊನೆಯಲ್ಲಿ ಬಿತ್ತಿ ಬೇಸಿಗೆಯಲ್ಲೇ ಕಾಯಿ ಕೊಯ್ಯಬಹುದು. ನಿಮ್ಮಲ್ಲಿರುವುದು ನಾಟಿ ಬೀಜವೇ ಆದರೆ ಅದನ್ನೂ ಮೇ ಕೊನೆಗೇ ಬಿತ್ತಿ, ಆದರೆ ಇಟ್ಟಿಗೆ ಗೋಡೆಯ ಪಕ್ಕದ ಮಡಿಯಲ್ಲಿ. ಅದು ಹೂ ಬಿಡುವುದು ಸೆಪ್ಟೆಂಬರಿನಲ್ಲಿ, ಕಾಯಿ ತುಂಬುವ ಹೊತ್ತಿಗೆ ಅಕ್ಟೋಬರಿನ ಮೊದಲ ಹಿಮ ಬಾಗಿಲಿಗೆ ಬಂದಿರುತ್ತದೆ. ಈ ವಸಂತದಲ್ಲಿ ತರುವ ರೋ ಕವರನ್ನು ಒಗೆದು, ಒಣಗಿಸಿ, ಮಡಿಚಿ, ಬಿಸಿಲು ಬೀಳದ ಕಡೆ ಎತ್ತಿಡಿ. ಅಕ್ಟೋಬರಿನ ಆ ಎರಡು ಮೂರು ರಾತ್ರಿಗಳನ್ನು ಅದರ ಕೆಳಗೆ ದಾಟಿಸಿದರೆ, ಆಮೇಲೆ ಬರುವ ಬೆಚ್ಚನೆಯ ವಾರಗಳಲ್ಲಿ ಕಾಯಿ ಬಲಿಯುತ್ತದೆ.